ಕೋವಿ ಇಲ್ಲದ ಶಿಕಾರಿ: ಹುಣಸೂರು ಕಾಡಿನಲ್ಲಿ ಹೆಜ್ಜೆ ಓದಲು ಕಲಿತದ್ದು

ಭಾನುವಾರ, ಮೈಸೂರು

ಕಾಡಿಗೆ ಹೋಗುವ ಮುಂಚೆ ಒಂದು ಬೆಳಗ್ಗೆ ಪೂರ್ತಿ ಮೃಗಾಲಯದಲ್ಲಿ ಕಳೆದೆ. ಪ್ರಾಣಿಗಳ ಮುಖ ನೋಡಲಿಲ್ಲ. ಬರೀ ಕಾಲು ನೋಡಿದೆ.

ಮೈಸೂರಿನ ಮೃಗಾಲಯ 1892ರಿಂದ ಇದೆ. ನಾವೆಲ್ಲ ಶಾಲೆಯ ಟೂರಿನಲ್ಲಿ ಸಾಲಾಗಿ ನಡೆದು ನೋಡಿದ ಜಾಗ. ಹುಲಿಯ ಆವರಣದ ಮುಂದೆ ಜನ ಹುಲಿ ತಲೆ ಎತ್ತಲಿ ಅಂತ ಕಾಯುತ್ತಿದ್ದರು. ನಾನು ಅದು ನಡೆಯಲಿ ಅಂತ ಕಾದೆ. ನಡೆಯುವಾಗ ಮುಂಗಾಲು ಎತ್ತಿದ ಜಾಗದಲ್ಲೇ ಹೆಚ್ಚುಕಮ್ಮಿ ಹಿಂಗಾಲು ಬೀಳುತ್ತದೆ. ಉಗುರು ಒಳಗೆ ಸೇರಿಕೊಂಡಿರುತ್ತದೆ, ನೆಲಕ್ಕೆ ತಾಗುವುದೇ ಇಲ್ಲ. ಮುಂಪಾದ ಹಿಂಪಾದಕ್ಕಿಂತ ದೊಡ್ಡದು. ಕಾಟಿಯ, ಅಂದರೆ ಕಾಡೆಮ್ಮೆಯ ಹತ್ತಿರ ಹೋದಾಗ ಅಷ್ಟು ದೊಡ್ಡ ಮೈ ಅಷ್ಟು ಅಚ್ಚುಕಟ್ಟಾದ ಗೊರಸಿನ ಮೇಲೆ ನಿಂತಿರುವುದು ನೋಡಿ ಬೆರಗಾಯಿತು. ಕರಡಿ ಮಾತ್ರ ನಮ್ಮ ಹಾಗೇ ಅಂಗಾಲು ಪೂರ್ತಿ ಊರಿ ನಡೆಯುತ್ತದೆ. ಎಲ್ಲವನ್ನೂ ಪುಸ್ತಕದಲ್ಲಿ ಚಿತ್ರ ಬರೆದುಕೊಂಡೆ.

ಇದೆಲ್ಲ ಯಾಕೆ ಅಂದರೆ, ನನಗೆ ನಲವತ್ತು ದಾಟಿದ ಮೇಲೆ ದೊಡ್ಡ ಪ್ರಾಣಿಯ ಬೇಟೆ ಕಲಿಯಬೇಕು ಅನ್ನುವ ಆಸೆ ಹುಟ್ಟಿತು. ಗುಂಡು ಹಾರುವುದು ಬೇಟೆಯ ಕೊನೆಯ ಒಂದು ಕ್ಷಣ. ಅದಕ್ಕೂ ಮುಂಚೆ ದಿನಗಟ್ಟಲೆ ನಡೆಯುವ ಕೆಲಸವೇ ಬೇರೆ ಇದೆ. ನೆಲ ನೋಡಬೇಕು, ಗಾಳಿ ನೋಡಬೇಕು, ಕಾಯಬೇಕು, ಸದ್ದಾಗದಂತೆ ಹತ್ತಿರ ಹೋಗಬೇಕು. ಆ ಕೆಲಸ ನನಗೆ ಬೇಕಿತ್ತು. ಕೊನೆಯ ಕ್ಷಣ ಬೇಡವಾಗಿತ್ತು. ಬೇಕು ಅಂದರೂ ಇಲ್ಲಿ ಆಗುವುದಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿಯಲ್ಲಿ ಲೈಸೆನ್ಸ್ ಬೇಟೆಯ ಬಾಗಿಲು ಪೂರ್ತಿ ಮುಚ್ಚಿತು. ಹುಲಿಯಂಥ ಪ್ರಾಣಿ ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಆ ಬಾಗಿಲು ಮುಚ್ಚಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಖಚಿತ ಅಭಿಪ್ರಾಯ.

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯಾನ್ ಇಂಗನ್ ಮನೆತನದ ಕಾರ್ಖಾನೆ ಇದ್ದಿದ್ದು ನಮ್ಮೂರಲ್ಲೇ ಅಲ್ವಾ? ಸತ್ತ ಪ್ರಾಣಿಗೆ ಚರ್ಮ ಹೊದಿಸಿ, ಗಾಜಿನ ಕಣ್ಣು ಕೂರಿಸಿ, ಜೀವ ಇದ್ದಂತೆ ಮಾಡಿ ಕೊಡುತ್ತಿದ್ದರು. ಸುಮಾರು ನೂರು ವರ್ಷ ನಡೆದು 20ನೇ ಶತಮಾನದ ಕೊನೆಗೆ ಅದು ನಿಂತಿತು. ಅಷ್ಟರಲ್ಲಿ ಅಲ್ಲಿ ತಯಾರಾದ ಹುಲಿ, ಚಿರತೆಗಳೇ ಹತ್ತಾರು ಸಾವಿರ. ದೇಶದ ಮೂಲೆ ಮೂಲೆಯಲ್ಲಿ ಹೊಡೆದ ಹುಲಿಗಳ ಚರ್ಮ ಮೈಸೂರಿಗೆ ಬರುತ್ತಿತ್ತು. ಆ ಕಾಲದ ಶಿಕಾರಿ ಫೋಟೋಗಳಲ್ಲಿ ಹುಲಿಯ ಪಕ್ಕ ಕೋವಿ ಹಿಡಿದವರು ನಿಂತಿರುತ್ತಾರೆ, ಕೆಳಗೆ ಅವರ ಹೆಸರು, ಬಿರುದು ಎಲ್ಲ ಇರುತ್ತದೆ. ಅಂಚಿನಲ್ಲಿ ಬರಿಗಾಲಲ್ಲಿ ನಿಂತ ನಾಲ್ಕಾರು ಜನರ ಹೆಸರು ಇರುವುದಿಲ್ಲ. ಹುಲಿ ಎಲ್ಲಿದೆ ಅಂತ ಹುಡುಕಿ ಕೊಟ್ಟವರು ಅವರೇ. ನಾನು ಕಲಿಯಬೇಕು ಅಂದುಕೊಂಡ ವಿದ್ಯೆ ಅವರದು.

ಹುಲಿ ಗಣತಿಗೆ ಅರಣ್ಯ ಇಲಾಖೆ ಸ್ವಯಂಸೇವಕರನ್ನು ಕರೆದಾಗ ಅರ್ಜಿ ಹಾಕಿದೆ. ನಾಗರಹೊಳೆಯ ಹುಣಸೂರು ಕಡೆಗೆ ಹೆಸರು ಬಂತು.

ಸೋಮವಾರ, ವೀರನಹೊಸಹಳ್ಳಿ

ಹುಣಸೂರಿನವರೆಗೆ ಬಸ್ಸು, ಅಲ್ಲಿಂದ ಮುಂದೆ ಇಲಾಖೆಯ ಜೀಪು. ಡಿಸೆಂಬರ್ ತಿಂಗಳು. ರಾಗಿ ಕೊಯ್ದು ಮೆದೆ ಹಾಕಿದ್ದರು. ಹೊಲದ ನಡುವೆ ಮರದ ಮೇಲೆ ಕಾವಲು ಅಟ್ಟಣೆಗಳು. ರಾಗಿ ಒಳಗೆ ಸೇರುವವರೆಗೂ ಇಲ್ಲಿನ ಗಂಡಸರು ರಾತ್ರಿ ಮನೆಯಲ್ಲಿ ಮಲಗುವುದಿಲ್ಲ. ಕಾಡಂಚಿಗೆ ರೈಲು ಕಂಬಿ ನೆಟ್ಟು ಬೇಲಿ ಮಾಡಿದ್ದಾರೆ, ಹಳೆಯ ಆನೆ ಕಂದಕವೂ ಇದೆ. ಆದರೂ ಆನೆ ಎಲ್ಲೋ ಒಂದು ಕಡೆ ದಾರಿ ಮಾಡಿಕೊಂಡು ಬರುತ್ತದೆ.

ಮಧ್ಯಾಹ್ನ ಪೂರ್ತಿ ತರಬೇತಿ. ಫೋನಿನ ಆ್ಯಪ್‌ನಲ್ಲಿ ಹೇಗೆ ನಮೂದಿಸಬೇಕು, ಸಿಗ್ನಲ್ ಇಲ್ಲದಿದ್ದರೆ ಏನು ಮಾಡಬೇಕು ಅಂತ ಹೇಳಿದರು. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ. ಸೆಂಟು, ಘಮಘಮ ಸೋಪು ಬೇಡ. ಆನೆ ಕಂಡರೆ ಮುಂದೆ ಇರುವವರು ಹೇಳಿದಂತೆ ಕೇಳಬೇಕು, ಸ್ವಂತ ಬುದ್ಧಿ ಓಡಿಸಬಾರದು. ಮೊದಲ ದಿನಗಳಲ್ಲಿ ಮಾಂಸ ತಿನ್ನುವ ಪ್ರಾಣಿಗಳ ಗುರುತು ಹುಡುಕಬೇಕು. ಒಂದು ಬೀಟಿನಲ್ಲಿ, ಅಂದರೆ ಒಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ತುಂಡಿನಲ್ಲಿ, ದಿನಕ್ಕೆ ಐದೈದು ಕಿಲೋಮೀಟರ್. ಆಮೇಲೆ ಎರಡು ಕಿಲೋಮೀಟರ್ ಗೆರೆಯ ಮೇಲೆ ನಡೆದು ಜಿಂಕೆ, ಕಡವೆ, ಕಾಟಿ ಎಣಿಸಬೇಕು.

ನಮ್ಮ ತಂಡದಲ್ಲಿ ಒಬ್ಬ ಯುವ ಗಾರ್ಡ್, ಒಬ್ಬರು ವಾಚರ್, ನಾನು. ವಾಚರ್‌ಗೆ ಐವತ್ತೈದರ ಮೇಲಿರಬಹುದು. ಇಲ್ಲಿನ ಕಾಡಿನ ಬುಡಕಟ್ಟಿನವರು, ಜೇನು ಕುರುಬರು. ಹುಟ್ಟಿದ್ದು ಕಾಡೊಳಗಿನ ಹಾಡಿಯಲ್ಲಿ, ಈಗ ಮನೆ ನಾಗಾಪುರದ ಪುನರ್ವಸತಿ ಕಾಲೋನಿಯಲ್ಲಿ. ಎಲ್ಲರಿಗೂ ಅಣ್ಣ. ನನ್ನನ್ನು ಮೊದಲು ಮೇಡಂ ಅಂದರು, ರಾತ್ರಿ ಮುದ್ದೆ, ಅವರೆಕಾಳು ಸಾರು ಬಡಿಸುವ ಹೊತ್ತಿಗೆ ಅಕ್ಕ ಅಂದರು. ನನಗಿಂತ ದೊಡ್ಡವರು ಅಕ್ಕ ಅನ್ನುವುದು ನಮ್ಮ ಕಡೆ ಮಾಮೂಲಿ.

ಮಂಗಳವಾರ

ಆರೂವರೆಗೆ ಹೊರಟೆವು. ಮಂಜು ಬಿಟ್ಟಿರಲಿಲ್ಲ. ಬೆಂಕಿ ಗೆರೆಗೆ ಆಗಷ್ಟೇ ಹುಲ್ಲು ಸವರಿ ಹಸನು ಮಾಡಿದ್ದರು. ಕಾಡುಕಿಚ್ಚು ದಾಟದಿರಲಿ ಅಂತ ಮಾಡುವ ಆ ಬೋಳು ಪಟ್ಟಿ ಹೆಜ್ಜೆ ನೋಡುವವರಿಗೂ ಬಹಳ ಅನುಕೂಲ. ಹುಲಿಗೂ ಅದು ಇಷ್ಟ. ಮುಳ್ಳು, ಲಂಟಾನದ ನಡುವೆ ನುಗ್ಗುವುದಕ್ಕಿಂತ ಸಾಫಾದ ದಾರಿ ಹಿಡಿಯುತ್ತದೆ.

ಅಣ್ಣ ಮೊದಲು ಕಲಿಸಿದ್ದು ಎಲ್ಲಿ ನಿಲ್ಲಬೇಕು ಅನ್ನುವುದು. ಹೆಜ್ಜೆಯನ್ನು ನೆತ್ತಿಯ ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ನಮಗೂ ಸೂರ್ಯನಿಗೂ ನಡುವೆ ಹೆಜ್ಜೆ ಬರುವಂತೆ ನಿಂತು, ಸ್ವಲ್ಪ ಬಗ್ಗಿ ನೋಡಬೇಕು. ಎಳೆಬಿಸಿಲು ಅಡ್ಡ ಬೀಳುವಾಗ ಅಂಚಿನ ನೆರಳು ಹಳ್ಳದೊಳಗೆ ಬೀಳುತ್ತದೆ, ಆಗ ಇಡೀ ಪಾದ ಎದ್ದು ಬರುತ್ತದೆ. ಹತ್ತು ಗಂಟೆಯ ಮೇಲೆ ಅದೇ ಹೆಜ್ಜೆ ಅಳಿಸಿಹೋದಂತಿರುತ್ತದೆ. ಹಳೆಯ ಶಿಕಾರಿಗಳು ನಸುಕಿಗೇ ಏಳುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಗಾರ್ಡ್ ಕೈ ಎತ್ತಿದರು. ಪುಡಿ ಮಣ್ಣಿನಲ್ಲಿ ಹುಲಿ ಹೆಜ್ಜೆ.

ನಾನು ಮೊಣಕಾಲೂರಿ ಕೂತೆ. ನಾಲ್ಕು ಬೆರಳು. ಉಗುರಿನ ಗುರುತಿಲ್ಲ. ಉಗುರು ಮೂಡಿದ್ದರೆ ಅದು ಸೀಳುನಾಯಿ ಕಡೆಯದು. ಹಿಂಬದಿಯ ದಿಂಡು ಮೂರು ಭಾಗವಾಗಿ ಉಬ್ಬಿತ್ತು. ನನ್ನ ಅಂಗೈ ಇಟ್ಟರೆ ಬೆರಳು ಬಿಟ್ಟು ಉಳಿದದ್ದು ಪೂರ್ತಿ ಅದರೊಳಗೆ ಕೂರುತ್ತಿತ್ತು. ಚಿರತೆಯದು ಇದಕ್ಕಿಂತ ಎಷ್ಟೋ ಚಿಕ್ಕದು. ಹಾಗಂತ ಅಳತೆ ಒಂದನ್ನೇ ನಂಬಬಾರದು, ಹುಲಿಮರಿಯ ಹೆಜ್ಜೆಯೂ ಚಿರತೆಯಷ್ಟೇ ಇರುತ್ತದೆ, ಅಕ್ಕಪಕ್ಕ ತಾಯಿಯ ಹೆಜ್ಜೆ ಇದೆಯಾ ಹುಡುಕಬೇಕು.

"ಗಂಡೋ ಹೆಣ್ಣೋ ಹೇಳಕ್ಕ" ಅಂದರು ಅಣ್ಣ. ಅದಕ್ಕೆ ಹಿಂಗಾಲಿನ ಹೆಜ್ಜೆ ಬೇಕು. ಬೆರಳು ಸೇರಿಸಿ ಒಂದು ಚೌಕ ಹಾಕಿದರೆ ಗಂಡಿನದು ಅಗಲ, ಉದ್ದ ಹೆಚ್ಚುಕಮ್ಮಿ ಸಮ, ಬೆರಳು ದಪ್ಪ, ದುಂಡು. ಹೆಣ್ಣಿನದು ಉದ್ದುದ್ದ, ಬೆರಳೂ ನೀಳ. ಪುಸ್ತಕದಲ್ಲಿ ಬರೆದುಕೊಂಡಿದ್ದ ಚಿತ್ರದ ಪಕ್ಕ ಹಿಡಿದು ನೋಡಿದೆ. ಹೆಣ್ಣು ಅಂದೆ. ಅಣ್ಣ ತಲೆಯಾಡಿಸಿದರು.

ಆಮೇಲೆ ಕೇಳಿದ್ದು, "ಯಾವಾಗ ಹೋಗಿದ್ದು?"

ಇದನ್ನು ಯಾವ ಪುಸ್ತಕದಿಂದಲೂ ನಾನು ಕಲಿಯುತ್ತಿರಲಿಲ್ಲ. ಈ ತಿಂಗಳಲ್ಲಿ ಬೆಳಗಿನ ಜಾವ ಮರದ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತದೆ. ಹನಿ ಬಿದ್ದಲ್ಲೆಲ್ಲ ಧೂಳಿನಲ್ಲಿ ಸಾಸಿವೆ ಗಾತ್ರದ ಗುಳಿ. ಮತ್ತಿ ಮರದ ಕೆಳಗಿನ ದಾರಿ ತುಂಬ ಆ ಗುಳಿಗಳಿದ್ದವು. ಅಣ್ಣ ಬೆರಳಲ್ಲಿ ತೋರಿಸಿದರು. ಹೆಜ್ಜೆಯ ಸುತ್ತ ಗುಳಿ ಇವೆ, ಹೆಜ್ಜೆಯೊಳಗೂ ಎರಡು ಮೂರು ಇವೆ, ಅಷ್ಟೇ. ಇಬ್ಬನಿ ಸುರಿಯುವ ಮೊದಲೇ ಹೋಗಿದ್ದರೆ ಒಳಗೂ ಹೊರಗೂ ಒಂದೇ ಸಮ ಇರಬೇಕಿತ್ತು. ಇಬ್ಬನಿ ನಿಂತ ಮೇಲೆ ಹೋಗಿದ್ದರೆ ಒಳಗೆ ಒಂದೂ ಇರಬಾರದಿತ್ತು. "ಹನಿ ನಿಲ್ಲೋ ಹೊತ್ತಿಗೆ ಹೋಗದೆ. ನಾವು ಟೀ ಕುಡೀತಿದ್ವಲ್ಲ, ಆಗ." ಹೆಜ್ಜೆಯ ಅಂಚು ಇನ್ನೂ ಚೂಪಾಗಿತ್ತು. ಇರುವೆ ದಾಟಿದ ಗೆರೆಯೂ ಅದರ ಮೇಲಿರಲಿಲ್ಲ. ರಾತ್ರಿಯ ಹೆಜ್ಜೆಯಾದರೆ ಹುಳು ಹುಪ್ಪಟೆ ಓಡಾಡಿ ಅದರ ಮೇಲೆ ಕಸೂತಿ ಹಾಕಿರುತ್ತವಂತೆ.

ಹಿಂದೆ ಇದೇ ಹೆಜ್ಜೆಯಿಂದಲೇ ಹುಲಿ ಎಣಿಸುತ್ತಿದ್ದರು. ಒಡಿಶಾದ ಅರಣ್ಯಾಧಿಕಾರಿ ಎಸ್. ಆರ್. ಚೌಧುರಿ 1966ರಲ್ಲಿ ರೂಪಿಸಿದ ವಿಧಾನ. ಹೆಜ್ಜೆಯ ಮೇಲೆ ಗಾಜು ಇಟ್ಟು ಗೆರೆ ಎಳೆಯುವುದು, ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು. ಅಣ್ಣನೂ ಹುಡುಗರಾಗಿದ್ದಾಗ ಆ ಗಾಜು ಹೊತ್ತು ಓಡಾಡಿದವರೇ. ಆದರೆ ಒಂದೇ ಹುಲಿ ಕೆಸರಿನಲ್ಲಿ ಒಂದು ಥರ, ಮರಳಿನಲ್ಲಿ ಇನ್ನೊಂದು ಥರ ಹೆಜ್ಜೆ ಬಿಡುತ್ತದೆ. ಗೆರೆ ಎಳೆಯುವ ಕೈಯೂ ಒಂದೇ ಥರ ಇರುವುದಿಲ್ಲ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಇದೇ ನಾಗರಹೊಳೆಯಲ್ಲಿ 1990ರ ದಶಕದ ಶುರುವಿನಲ್ಲಿ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಮೈಮೇಲಿನ ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಗುರುತು ಹಿಡಿಯುವ ದಾರಿ ತೋರಿಸಿದರು. 2006ರಿಂದ ದೇಶದ ಗಣತಿಯೂ ಆ ದಾರಿಗೆ ಬಂತು. ಈಗ ಹೆಜ್ಜೆ ಹುಲಿಯ ಲೆಕ್ಕ ಹೇಳುವುದಿಲ್ಲ, ಹುಲಿ ಇಲ್ಲಿ ಓಡಾಡುತ್ತದೆ ಅಂತ ಹೇಳುತ್ತದೆ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ, ನಾಗರಹೊಳೆಗೆ 141.

ವಾಪಸು ಬರುವಾಗ ಒಂಟಿ ಆನೆಯ ಹೆಜ್ಜೆ ಸಿಕ್ಕಿತು. ಮುಂಗಾಲಿನದು ದುಂಡು, ಹಿಂಗಾಲಿನದು ಮೊಟ್ಟೆಯಾಕಾರ. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ. ದಾರ ಸುತ್ತಿ ಅಳೆದೆ, 130 ಸೆಂಟಿಮೀಟರ್. ಅಂದರೆ ಭುಜದವರೆಗೆ ಎಂಟೂವರೆ ಅಡಿ. ಒಂಟಿಯಾಗಿ ಹೋಗಿದೆ, ಇಷ್ಟು ಎತ್ತರ ಬೇರೆ. ಗಂಡಾನೆ ಅಂದರು ಗಾರ್ಡ್. ಲದ್ದಿ ಮುರಿದು ನೋಡಿದರೆ ತುಂಬ ರಾಗಿ ತೆನೆಯ ಚೂರು. ರಾತ್ರಿ ಎಲ್ಲಿ ಊಟ ಆಗಿದೆ ಅಂತ ಗೊತ್ತಾಯಿತು.

ಬುಧವಾರ

ಬೆಳಗಿನ ನಡಿಗೆಯಲ್ಲಿ ಹೆಚ್ಚೇನೂ ಸಿಗಲಿಲ್ಲ. ಸೀಳುನಾಯಿಗಳ ಹೆಜ್ಜೆ, ಒಂದು ಕರಡಿ ಗೆದ್ದಲ ಹುತ್ತ ಬಗೆದ ಜಾಗ. ಹುತ್ತದ ಗೋಡೆಯಲ್ಲಿ ಉಗುರಿನ ಗೀರು ಬೆರಳಿಟ್ಟು ಎಣಿಸಬಹುದಿತ್ತು. ಎಲ್ಲ ನಮೂದಿಸಿ ಹೊರಟೆವು.

ವಾಪಸಿನ ದಾರಿಯಲ್ಲಿ ಒಂದು ಹಡ್ಲು. ಕಾಡಿನ ನಡುವೆ ಮರವಿಲ್ಲದ ತಗ್ಗು, ಬೇಸಿಗೆಯಲ್ಲೂ ತೇವ ಆರದ ಹುಲ್ಲುಗಾವಲು. ನಾಗರಹೊಳೆಯಲ್ಲಿ ಇಂಥ ಹಡ್ಲುಗಳು ಬಹಳ. ಅದರ ಅಂಚಿನಲ್ಲಿ, ನಮ್ಮ ದಾರಿಗೆ ಅಡ್ಡಲಾಗಿ, ಕಾಟಿಗಳ ಹಿಂಡು ಮೇಯುತ್ತಿತ್ತು. ಗಂಡು ಕಾಟಿ ಒಂದು ಟನ್ ತೂಗುವುದೂ ಉಂಟು. ದಾರಿ ಬಿಡಿ ಅನ್ನಲು ಆಗುವುದಿಲ್ಲ. ಬಳಸಿ ಹೋಗಬೇಕು, ಅದಕ್ಕೆ ಹತ್ತಿರದಿಂದಲೇ ಹಾದುಹೋಗಬೇಕು.

ಗಾರ್ಡ್ ಅಣ್ಣನ ಕಡೆ ನೋಡಿದರು. ಅಣ್ಣ ಬಗ್ಗಿ ಒಂದು ಚಿಟಿಕೆ ಒಣ ಮಣ್ಣು ಎತ್ತಿ ಬೆರಳಲ್ಲಿ ಉಜ್ಜಿ ಬಿಟ್ಟರು. ಧೂಳು ನೇರ ಕೆಳಗೆ ಬೀಳಲಿಲ್ಲ, ಹಡ್ಲಿನ ಕಡೆಗೆ ತೇಲಿತು. ಅಂದರೆ ನಮ್ಮ ವಾಸನೆ ಕಾಟಿಯ ಕಡೆಗೆ ಹೋಗುತ್ತಿದೆ. "ತಡೀರಿ" ಅಂತ ಕೈಸನ್ನೆ.

ಬೆಳಗಿನ ತಂಪಿನಲ್ಲಿ ಗಾಳಿ ಏರಿನಿಂದ ತಗ್ಗಿಗೆ ಜಾರುತ್ತದೆ. ಬಿಸಿಲು ಏರಿ ತಗ್ಗಿನ ನೆಲ ಕಾದ ಮೇಲೆ ಅದೇ ಗಾಳಿ ಮೇಲಕ್ಕೆ ಏಳುತ್ತದೆ. ನಡುವೆ ಸ್ವಲ್ಪ ಹೊತ್ತು ಗಾಳಿ ಅತ್ತ ಇತ್ತ ಅಲೆಯುತ್ತದೆ, ಆಗ ಅಲುಗಾಡಬಾರದು. ನಾವು ಒಂದು ಹೊನ್ನೆ ಮರಕ್ಕೆ ಒರಗಿ ಕೂತೆವು. ಅರ್ಧ ಗಂಟೆ ಆಗಿರಬಹುದು, ಜಾಸ್ತಿಯೂ ಇರಬಹುದು. ನನ್ನ ಕಾಲು ಜೋಮು ಹಿಡಿಯಿತು. ಅಣ್ಣ ಆಗಾಗ ಧೂಳು ಬಿಡುತ್ತಿದ್ದರು. ಒಂದು ಸಲ ಅದು ಅವರ ಮುಖದ ಕಡೆಗೇ ಬಂತು. ಎದ್ದರು.

ಆಮೇಲಿನ ನಡಿಗೆ ನಾನು ಯಾವತ್ತೂ ನಡೆದಿಲ್ಲದ ನಡಿಗೆ. ತೇಗದ ಒಣಗಿದ ಎಲೆ ಕಾಲ ಕೆಳಗೆ ಸಿಕ್ಕರೆ ಹಪ್ಪಳ ಮುರಿದ ಸದ್ದು ಬರುತ್ತದೆ. ಹಾಗಾಗಿ ಪಾದದ ಹೊರ ಅಂಚನ್ನು ಮೊದಲು ತಾಗಿಸಿ, ಕೆಳಗೇನಿದೆ ಅಂತ ತಿಳಿದುಕೊಂಡು, ಆಮೇಲೆ ಭಾರ ಹಾಕಬೇಕು. ಕಾಟಿಗಳು ತಲೆ ತಗ್ಗಿಸಿ ಮೇಯುವಾಗ ನಡೆಯಬೇಕು, ಒಂದು ತಲೆ ಎದ್ದರೂ ನಿಂತುಬಿಡಬೇಕು. ಎತ್ತಿದ ಕಾಲು ಎತ್ತಿದ ಹಾಗೇ ಇರಬೇಕು. ಹಿಂಡಿನಲ್ಲಿ ಕಾವಲು ಕಾಯುವುದು ಸಾಮಾನ್ಯವಾಗಿ ವಯಸ್ಸಾದ ಹೆಣ್ಣು, ಅದರ ಕಿವಿಯ ಮೇಲೆ ಕಣ್ಣಿಡು ಅಂತ ಅಣ್ಣ ಮೊದಲೇ ಹೇಳಿದ್ದರು.

ಅರವತ್ತು ಮೀಟರ್ ಹತ್ತಿರ ಬಂದಾಗ ನಿಂತೆವು. ಅವುಗಳ ಉಸಿರು, ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು. ಮೊಣಕಾಲಿನ ಕೆಳಗೆ ಬಿಳಿ, ಮೇಲೆ ಕಂದು. ಒಂದು ಹೋರಿ ಮಾತ್ರ ಕಡುಗಪ್ಪು, ಬೆನ್ನಿನ ದಿಂಡು ಬಿಸಿಲಿಗೆ ಮಿರಮಿರ ಅನ್ನುತ್ತಿತ್ತು. ಅದು ಪಕ್ಕಕ್ಕೆ ತಿರುಗಿ ನಿಂತಿತ್ತು. ಮುಂಗಾಲಿನ ಹಿಂದೆ ಚರ್ಮ ಸ್ವಲ್ಪ ಅದುರುತ್ತಿದ್ದುದು ಕೂಡ ಕಾಣುತ್ತಿತ್ತು. ಕೋವಿ ಹಿಡಿದವರು ಗುರಿ ಇಡುವುದು ಅಲ್ಲಿಗೇ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಅಂದರೆ ಅದೇ ಅವಕ್ಕೆ ಕೇಳಿಸುತ್ತದೇನೋ ಅನ್ನಿಸಿತು. ಬೇಟೆಗಾರರು ಹೇಳುವ ಆ ನಡುಕ ಇದೇ. ಇದಕ್ಕಾಗಿಯೇ ನಾನು ಬಂದಿದ್ದೆ. ಕೋವಿ ಇಲ್ಲದೆಯೂ ಅದು ಪೂರ್ತಿಯಾಗಿ ಬಂತು.

ಬಳಸಿ ದಾಟಿ ದೂರ ಬಂದ ಮೇಲೆ ಅಣ್ಣ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡು ಮಾತಾಡಿದರು. ಅವರ ತಾತ ಸಾಹುಕಾರರ, ಸಾಹೇಬರ ಶಿಕಾರಿಗಳಿಗೆ ದಾರಿ ತೋರಿಸುತ್ತಿದ್ದವರಂತೆ. "ತಾತ ಹೇಳೋನು, ಇಲ್ಲಿಗಂಟ ಕರ್ಕೊಂಡು ಬಂದ್ರೆ ನನ್ನ ಬೇಟೆ ಮುಗೀತು. ಮಿಕ್ಕಿದ್ದು ಅವರ ಕೆಲಸ ಅಂತ."

ಆ ತಾತನ ಬಗ್ಗೆ ನಾನು ಬಹಳ ಕೇಳಿದೆ. ರಾತ್ರಿ ಒಲೆ ಮುಂದೆ ಕೂತಾಗ ಮಾತು ಖೆಡ್ಡಾದ ಕಡೆಗೆ ಹೋಯಿತು. ಮೈಸೂರು ಸಂಸ್ಥಾನದ ಅಧಿಕಾರಿ ಜಿ. ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಶುರುಮಾಡಿದ ಆನೆ ಹಿಡಿಯುವ ಕೆಲಸ ಆಮೇಲೆ ಹೆಗ್ಗಡದೇವನಕೋಟೆಯ ಕಾಕನಕೋಟೆಗೆ ಬಂತು. ಹಿಂಡನ್ನು ದಿನಗಟ್ಟಲೆ ಸುತ್ತುವರಿದು, ತಮಟೆ, ಬೆಂಕಿ ಇಟ್ಟುಕೊಂಡು ಕಬಿನಿ ಹೊಳೆ ದಾಟಿಸಿ, ದಿಮ್ಮಿಯ ಆವರಣದೊಳಗೆ ನುಗ್ಗಿಸುತ್ತಿದ್ದರು. ಹೊರಗೆ ಗ್ಯಾಲರಿ ಕಟ್ಟಿಸಿ ರಾಜಮನೆತನದ ಅತಿಥಿಗಳು ನೋಡುತ್ತಿದ್ದರು. ಕಾಡಿನಲ್ಲಿ ಹಿಂಡು ಎಲ್ಲಿದೆ, ನಾಳೆ ಯಾವ ಕಡೆ ತಿರುಗುತ್ತದೆ ಅಂತ ಹೇಳುತ್ತಿದ್ದವರು ಕಾಡಿನ ಕುರುಬರು. ಕೊನೆಯ ಖೆಡ್ಡಾ 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟಿನ ನೀರು ನಿಂತು ಆ ಜಾಗದ ಬಹುಪಾಲು ಮುಳುಗಿತು.

ಖೆಡ್ಡಾ ನಿಂತಿತು, ಶಿಕಾರಿ ನಿಂತಿತು. ಅಣ್ಣನ ಮನೆಯವರು ಕಾಡಿನಿಂದ ಹೊರಗೆ ಬಂದರು. ಆ ವಿದ್ಯೆ ಉಳಿದದ್ದು ಇವರಂಥ ಕೆಲವರು ವಾಚರ್ ಕೆಲಸಕ್ಕೆ ಸೇರಿದ್ದರಿಂದ. ಅವರ ಮಗ ಮೈಸೂರಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾನೆ. ಹೆಜ್ಜೆ ನೋಡಲು ಬರುತ್ತದಾ ಅಂದೆ. "ಅವನಿಗೆ ಯಾಕಕ್ಕ ಅದು" ಅಂದರು. ನನಗೆ ಬಹಳ ಬೇಸರವಾಯಿತು. ನನ್ನಂಥವರು ರಜೆ ಹಾಕಿ, ಅರ್ಜಿ ಬರೆದು ಕಲಿಯಲು ಬರುವ ವಿದ್ಯೆ ಅದು ಹುಟ್ಟಿದ ಮನೆಯಲ್ಲೇ ನಿಂತುಹೋಗುತ್ತಿದೆ. ಇವರ ಹುಡುಗರಿಗೆ ಇದೇ ವಿದ್ಯೆಯ ಮೇಲೆ ಕಾಯಂ ಕೆಲಸ, ಒಳ್ಳೆಯ ಸಂಬಳ ಸಿಗಬೇಕು. ಪ್ರಮಾಣಪತ್ರ ನೋಡಿ ಕೊಡುವ ಕೆಲಸವಲ್ಲ ಇದು.

ಗುರುವಾರ

ಈ ದಿನದ ದಾರಿ ಕಾಡಂಚಿನಲ್ಲಿ. ಒಂದು ಕಡೆ ಕಂದಕ, ಆಚೆ ಹೊಲ.

ನಾನು ನೆಲ ನೋಡುತ್ತಿದ್ದೆ. ಅಣ್ಣ ಮೊಣಕಾಲೆತ್ತರ ನೋಡುತ್ತಿದ್ದರು. ಹಂದಿ ನುಸುಳುವ ಸಂದಿನ ಹತ್ತಿರ ನಿಂತು ಲಂಟಾನದ ಬುಡ ಸರಿಸಿದರು. ಉರುಳು. ಬೈಕಿನ ಕ್ಲಚ್ ವೈರ್. ಒಂದು ತುದಿ ಗೂಟಕ್ಕೆ ಬಿಗಿದು, ಇನ್ನೊಂದು ತುದಿಗೆ ಜಾರುವ ಕುಣಿಕೆ ಹಾಕಿ, ಕುಣಿಕೆ ನಿಲ್ಲಲು ಎರಡು ಕವಲು ಕಡ್ಡಿ ನೆಟ್ಟಿದ್ದರು. ವೈರಿನ ಹೊಳಪು ಕಾಣದಿರಲಿ ಅಂತ ಬೆಂಕಿಯಲ್ಲಿ ಸುಟ್ಟು ಕಪ್ಪು ಮಾಡಿದ್ದರು. ಬೆಲೆ ಐವತ್ತೋ ನೂರೋ ರೂಪಾಯಿ.

ಹಾಕುವುದು ಹಂದಿಗೆ, ಜಿಂಕೆಗೆ. ಬೀಳುವುದು ಯಾವುದೋ. ಚಿರತೆ ಬೀಳುತ್ತದೆ, ಹುಲಿಯೂ ಬೀಳುತ್ತದೆ. ಎಳೆದಷ್ಟೂ ವೈರು ಬಿಗಿಯುತ್ತದೆ. ಹೊಟ್ಟೆಗೆ ಸಿಕ್ಕಿಕೊಂಡರೆ ಒಂದೆರಡು ದಿನ ನರಳಿ ಸಾಯುತ್ತದೆ. ಬಿಡಿಸಿಕೊಂಡು ಓಡಿದರೂ ಗಾಯ ಕೊಳೆಯುತ್ತದೆ. ಬೇಟೆಯಾಡಲು ಆಗದ ಹುಲಿ ಊರಿನ ದನಕ್ಕೆ ಬರುತ್ತದೆ, ಅಲ್ಲಿಂದ ಮುಂದಿನದು ಇಲ್ಲಿನ ಎಲ್ಲರಿಗೂ ಗೊತ್ತು.

ಗಾರ್ಡ್ ಫೋಟೋ ತೆಗೆದು, ಜಾಗ ಗುರುತು ಹಾಕಿ, ವೈರನ್ನು ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸುತ್ತ ಇನ್ನೂ ಇವೆಯಾ ಅಂತ ಮೂವರೂ ಮಧ್ಯಾಹ್ನದವರೆಗೆ ಹುಡುಕಿದೆವು. ಇನ್ನೊಂದು ಸಿಕ್ಕಿತು.

ಹಾಕಿದವರ ಮೇಲೆ ನನಗೆ ಸಿಟ್ಟು ಬಂತು, ಈಗಲೂ ಇದೆ. ರಾಗಿ ಕಳೆದುಕೊಂಡ ರೈತನ ಕಷ್ಟ ನನಗೆ ಅರ್ಥವಾಗುತ್ತದೆ, ನಮ್ಮದೂ ಮಂಡ್ಯ ಕಡೆಯ ಒಕ್ಕಲು ಮನೆಯೇ. ಆದರೆ ಉರುಳಿಗೆ ಪ್ರಾಣಿಯ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ನೋಡಬೇಕಾಗಿಲ್ಲ, ಕಾಯಬೇಕಾಗಿಲ್ಲ, ಗಂಡೋ ಹೆಣ್ಣೋ ಬಸುರಿಯೋ ತಿಳಿಯಬೇಕಾಗಿಲ್ಲ. ಹಾಕಿಟ್ಟು ಮನೆಗೆ ಹೋಗಿ ಮಲಗುತ್ತಾರೆ. ಹಿಂದಿನ ದಿನ ಕಾಟಿಯ ಮುಂದೆ ಒಂದು ಗಂಟೆ ಉಸಿರು ಬಿಗಿ ಹಿಡಿದು ಕೂತಿದ್ದವಳಿಗೆ ಅದು ಸಹಿಸಲು ಆಗಲಿಲ್ಲ.

ಶುಕ್ರವಾರ

ಇವತ್ತಿನಿಂದ ಗೆರೆ ನಡಿಗೆ. ಎರಡು ಕಿಲೋಮೀಟರ್ ನೇರ. ಪ್ರಾಣಿ ಕಂಡರೆ ಎಷ್ಟು ದೂರ, ಯಾವ ಕೋನದಲ್ಲಿ ಅಂತ ಉಪಕರಣ ಹಿಡಿದು ಅಳೆದು ಬರೆಯಬೇಕು. ವಾಪಸು ಬರುವಾಗ 400 ಮೀಟರಿಗೊಮ್ಮೆ ನಿಂತು ಗಿಡ ಮರ ನೋಡಿ, ಹಿಕ್ಕೆ ಎಣಿಸಬೇಕು. ಇದೆಲ್ಲ ಯಾಕೆ ಅಂದರೆ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಜಿಂಕೆ, ಕಡವೆ ಎಷ್ಟಿವೆ ಅಂತ ತಿಳಿಯದೆ ಹುಲಿಯ ಲೆಕ್ಕಕ್ಕೆ ಅರ್ಥವಿಲ್ಲ.

ಅರ್ಧ ದಾರಿಯಲ್ಲಿ ಎಡಗಡೆಯ ಬಿದಿರಿನೊಳಗಿಂದ ಜಿಂಕೆ ಕೂಗಿತು. ನಾನು ತಿರುಗಿದೆ. ಅಣ್ಣ ನಡೆಯುತ್ತಲೇ ಇದ್ದರು. ಜಿಂಕೆ ಎಲ್ಲದಕ್ಕೂ ಕೂಗುತ್ತದೆ, ನಮ್ಮನ್ನು ನೋಡಿದರೂ ಕೂಗುತ್ತದೆ. ಸ್ವಲ್ಪ ಹೊತ್ತಿಗೆ ಮರದ ಮೇಲಿಂದ ಮುಸುವ ಕೆಮ್ಮಿದ ಹಾಗೆ ಖರ್ ಖರ್ ಅಂತು. ಆಗಲೂ ಅವರು ನಿಲ್ಲಲಿಲ್ಲ, ನಿಧಾನ ಮಾಡಿದರು. ಆಮೇಲೆ ಕಡವೆ ಕೂಗಿತು. ಒಂದೇ ಸಲ, ಢಾಂಕ್ ಅಂತ. ಅಣ್ಣ ನಿಂತರು. ಕಡವೆ ಸುಮ್ನೆ ಕೂಗುವುದಿಲ್ಲ.

ಇನ್ನೆರಡು ಸಲ ಕೂಗಿತು, ಪ್ರತಿ ಸಲವೂ ಸ್ವಲ್ಪ ಬಲಕ್ಕೆ. ಹುಲಿ ನಡೆದಂತೆ ಕೂಗೂ ಅದರ ಹಿಂದೆ ನಡೆಯುತ್ತದೆ. ಕಾಣದ ಪ್ರಾಣಿ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ನಾನು ಕಿವಿಯಲ್ಲೇ ಹಿಂಬಾಲಿಸಿದೆ. ನಮ್ಮ ಗೆರೆಯ ಮುಂದೆ ಎಲ್ಲೋ ದಾಟಿ ಹಳ್ಳದ ಕಡೆ ಇಳಿಯಿತು. ಕೂಗು ನಿಂತಿತು. ಹುಲಿ ಕಾಣಲಿಲ್ಲ.

ಗೆರೆ ಮುಗಿಸಿ ಬರುವಾಗ ಆ ಜಾಗ ಹುಡುಕಿದೆವು. ಹೆಜ್ಜೆ ಮೂಡುವಂಥ ಮಣ್ಣಿರಲಿಲ್ಲ, ಬರೀ ಎಲೆ. ಆದರೆ ಒಂದು ದಿಂಡಿಗ ಮರದ ಕಾಂಡದಲ್ಲಿ, ನನ್ನ ಸೊಂಟದ ಎತ್ತರಕ್ಕೆ, ತೊಗಟೆ ಒದ್ದೆಯಾಗಿತ್ತು. ಅಣ್ಣ "ಮೂಸಿ ನೋಡಕ್ಕ" ಅಂದರು. ಮೂಗು ಹತ್ತಿರ ತಂದೆ. ಘಮ್ಮೆನ್ನುವ ಬಾಸುಮತಿ ಅನ್ನ! ಹುಲಿ ಗಡಿ ಗುರುತಿಸಲು ಮರಕ್ಕೆ ಚಿಮ್ಮುವ ದ್ರವದಲ್ಲಿ ಸುವಾಸನೆ ಅಕ್ಕಿಯಲ್ಲಿರುವ ರಾಸಾಯನಿಕವೇ ಇದೆ ಅಂತ ಬಂಗಾಳದ ವಿಜ್ಞಾನಿ ಆರ್. ಎಲ್. ಬ್ರಹ್ಮಚಾರಿ ಕಂಡುಹಿಡಿದಿದ್ದರು. ಓದಿ ಗೊತ್ತಿತ್ತು. ಕಾಡಿನ ನಡುವೆ, ಹುಲಿ ಹೋಗಿ ಒಂದು ಗಂಟೆಯೂ ಆಗದಿರುವಾಗ ಮೂಸಿದ್ದು ಬೇರೆಯೇ ಅನುಭವ. ಮೈ ಜುಮ್ಮೆಂದಿತು.

ಶನಿವಾರ

ಅದೇ ಗೆರೆ. ಮೂರು ಕಡವೆ, ಜಿಂಕೆ ಹಿಂಡು, ಒಂದು ಕಾಡುಕುರಿ. ಅಳೆದೆವು, ಬರೆದೆವು.

ಭಾನುವಾರ

ಕೊನೆಯ ನಡಿಗೆಯಲ್ಲಿ ಅಣ್ಣ ನನ್ನನ್ನು ಮುಂದೆ ಬಿಟ್ಟು ತಾವು ಎರಡು ಹೆಜ್ಜೆ ಹಿಂದೆ ಬಂದರು. ಧೂಳು ಬಿಟ್ಟು ಗಾಳಿ ನೋಡಿದೆ. ದಾರಿಗೆ ಅಡ್ಡವಾಗಿ ಮುರಿದು ಬಿದ್ದ ಬಿದಿರು ಸಿಕ್ಕಿತು, ಮುರಿದ ತುದಿಯಲ್ಲಿ ರಸ ಇನ್ನೂ ಜಿನುಗುತ್ತಿತ್ತು, ಪಕ್ಕದ ಲದ್ದಿಯ ಮೇಲೆ ಆಗಷ್ಟೇ ನೊಣ ಕೂರುತ್ತಿತ್ತು. ಆನೆ ಹತ್ತಿರದಲ್ಲೇ ಇದೆ ಅಂತ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದೆ. ಐದು ನಿಮಿಷಕ್ಕೆ ಬಲಗಡೆ ಕೊಂಬೆ ಮುರಿದ ಸದ್ದು. ಮೂವರೂ ಹಿಂದೆ ಸರಿದು, ಆನೆಗಳು ದಾಟುವವರೆಗೆ ಕಾದು ಹೋದೆವು. ಅಣ್ಣ ಏನೂ ಹೇಳಲಿಲ್ಲ, ಆದರೆ ಕ್ಯಾಂಪಿನಲ್ಲಿ ಅಡುಗೆಯವರಿಗೆ "ಅಕ್ಕ ಆನೆ ನಿಲ್ಸಿದ್ರು" ಅಂತ ಹೇಳಿದ್ದು ನನಗೆ ಕೇಳಿಸಿತು.

ಮಧ್ಯಾಹ್ನ ಉಪ್ಸಾರು, ಮುದ್ದೆ ಉಂಡು ಹುಣಸೂರಿನಲ್ಲಿ ಬಸ್ಸು ಹಿಡಿದೆ.

ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು. ಇಲಾಖೆಯ ಜೊತೆ ಅಲ್ಲದೆ ಕಾಡಿನೊಳಗೆ ಕಾಲಿಡಬೇಡಿ, ಅದು ಅಪರಾಧ, ಅಪಾಯ ಕೂಡ. ಇಲಾಖೆ ಕರೆಯುವವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ, ಲಿಂಗಾಂಬುಧಿ ಕೆರೆಯ ಕೆಸರು ಸಾಕು. ಬೆಳಗ್ಗೆ ಬೇಗ ಹೋಗಿ ನಾಯಿ, ಮುಂಗುಸಿ, ನವಿಲಿನ ಹೆಜ್ಜೆ ನೋಡಿ. ನಾಯಿಯ ಉಗುರು ಹೇಗೆ ಮೂಡುತ್ತದೆ, ಬೆಕ್ಕಿನದು ಹೇಗೆ ಮೂಡುವುದಿಲ್ಲ ಅಂತ ಹೋಲಿಸಿ. ಒಂದು ಹೆಜ್ಜೆಗೆ ಕಡ್ಡಿ ನೆಟ್ಟು ಗುರುತು ಮಾಡಿ, ಅದೇ ಹೆಜ್ಜೆಯನ್ನು ಸಂಜೆ ಒಮ್ಮೆ, ಮಾರನೆ ದಿನ ಒಮ್ಮೆ ಹೋಗಿ ನೋಡಿ. ಬಿಸಿಲು, ಗಾಳಿ, ಇಬ್ಬನಿ ಅದನ್ನು ಏನು ಮಾಡಿದೆ ಅಂತ ಬರೆದಿಡಿ. ನಾನು ಮುಂದಿನ ವಾರದಿಂದ ಕುಕ್ಕರಹಳ್ಳಿಯಲ್ಲಿ ಇದನ್ನೇ ಶುರುಮಾಡುತ್ತಿದ್ದೇನೆ. ಮಳೆ ಬಿದ್ದ ಮೇಲೆ ಹಸಿ ಮಣ್ಣಿನ ಪಾಠ ಬೇರೆ ಇದೆ, ಆಗ ನಾಗಾಪುರಕ್ಕೆ ಬಾ ಅಂತ ಅಣ್ಣ ಕರೆದಿದ್ದಾರೆ. ಮಗನನ್ನೂ ಆವತ್ತು ರಜೆ ಹಾಕಿಸಿ ಕೂರಿಸಿಕೊಳ್ಳಿ, ಇಬ್ಬರೂ ಒಟ್ಟಿಗೆ ಕಲಿಯುತ್ತೇವೆ ಅಂತ ಹೇಳಿ ಬಂದಿದ್ದೇನೆ.